ಬೇರೆ ಮೈಕಿಗೆ ಊದಿದ ಆರು ನಿಮಿಷ

ಹೋದ ಬೇಸಿಗೆಯಲ್ಲಿ ಕರೆಂಟ್ ಇಲ್ಲದ ಒಂದು ರಾತ್ರಿ, ಕೊಪ್ಪಳದ ನಮ್ಮ ಮನೆ ಮಾಳಿಗೆ ಮೇಲೆ ಚಾಪೆ ಹಾಸಿಕೊಂಡು ಕೂತಿದ್ದೆವು. ನಾನು, ಕಾಕಾ, ನಡುವೆ ಒಂದು ತಂಬಿಗೆ ನೀರು. ಮೊಬೈಲಿಗೆ ಸಣ್ಣ ಸ್ಪೀಕರ್ ಜೋಡಿಸಿ ಕಾಕಾಗೆ ಒಂದು ಜಾಝ್ ರೆಕಾರ್ಡಿಂಗ್ ಕೇಳಿಸಿದೆ. 1956ರಲ್ಲಿ ಅಮೆರಿಕದ ಒಂದು ಬಯಲಿನಲ್ಲಿ ಹದಿನೈದು ಜನ ಸೇರಿ ನುಡಿಸಿದ್ದು. ಅದರ ಬಗ್ಗೆ ಮೊದಲೇ ಏನೂ ಹೇಳಿರಲಿಲ್ಲ. ನುಡಿಸಿದವರ ಹೆಸರೂ ಹೇಳಿರಲಿಲ್ಲ.

ಮೂರ್ನಾಲ್ಕು ನಿಮಿಷ ಕಾಕಾ ಸುಮ್ನೆ ಪಾದ ಅಲ್ಲಾಡಿಸುತ್ತಾ ಕೇಳಿದರು. ಆಮೇಲೆ ಗುಂಪಿನ ವಾದ್ಯಗಳೆಲ್ಲ ಹಿಂದೆ ಸರಿದು ಸ್ಯಾಕ್ಸೋಫೋನ್ ಒಂದೇ ಹೊರಟಿತು. ಅದು ಹೊರಟು ಅರ್ಧ ನಿಮಿಷ ಆಗಿರಲಿಲ್ಲ, ಕಾಕಾ ಸ್ಪೀಕರ್ ಕಡೆ ಕಿವಿ ತಂದರು. "ಯಾಕಲೇ ತಮ್ಮಾ, ಇಂವ ಮೈಕ್ ಬಿಟ್ಟು ಬಾಜೂಕ ಊದಾಕತ್ತಾನಲ್ಲ" ಅಂದರು.

ನನಗೆ ಮೈ ಜುಮ್ ಅಂತು. ಈ ರೆಕಾರ್ಡನ್ನು ನಾನು ಇಪ್ಪತ್ತು ವರ್ಷದಿಂದ ಕೇಳುತ್ತಿದ್ದೇನೆ. ಬಳ್ಳಾರಿಯಲ್ಲಿ ಓದುವಾಗ ಹಾಸ್ಟೆಲಿನ ಸೀನಿಯರ್ ಒಬ್ಬರು ಇದನ್ನು ಕ್ಯಾಸೆಟ್‌ಗೆ ತುಂಬಿಸಿ ಕೊಟ್ಟಿದ್ದರು. ಆ ಸ್ಯಾಕ್ಸೋಫೋನ್ ವಾದಕ ಆ ರಾತ್ರಿ ನಿಜವಾಗಿಯೂ ಬೇರೆ ಮೈಕಿಗೆ ಊದಿದ್ದ ಅನ್ನುವುದು ನನಗೆ ತಿಳಿದದ್ದು ಅದರ ಬಗ್ಗೆ ಎಷ್ಟೋ ಓದಿದ ಮೇಲೆ. ಕಾಕಾಗೆ ಅರ್ಧ ನಿಮಿಷ ಸಾಕಾಯಿತು.

ಕಾಕಾ ಮೂವತ್ತು ವರ್ಷ ಬ್ಯಾಂಡ್ ಸೆಟ್‌ನಲ್ಲಿ ಕ್ಲಾರಿನೆಟ್ ಊದಿದವರು. ಮದುವೆ ಮೆರವಣಿಗೆ, ಗಣಪತಿ ಕಳಿಸುವುದು, ಹುಲಿಗಿ ಹುಣ್ಣಿಮೆಗೆ ಹೊರಟವರ ಮುಂದೆ, ಗವಿಮಠದ ಜಾತ್ರೆಯ ದಿನಗಳಲ್ಲಿ, ಎಲ್ಲ ಕಡೆ. ಕೆಂಪು ಕೋಟು, ಭುಜದ ಮೇಲೆ ಬಂಗಾರ ಬಣ್ಣದ ಜರಿ. ಮೈಕಿಗೆ ಎಷ್ಟು ಹತ್ತಿರ ನಿಂತರೆ ಏನಾಗುತ್ತದೆ, ಎರಡು ಗೇಣು ಆಚೆ ತಿರುಗಿದರೆ ಏನಾಗುತ್ತದೆ ಅನ್ನುವುದನ್ನು ಅವರ ಕಿವಿ ಮರೆತಿಲ್ಲ.

ಆ ರೆಕಾರ್ಡ್ ಯಾವುದು ಅಂತ ಹೇಳಿಬಿಡುತ್ತೇನೆ. ಅಮೆರಿಕದ ಜಾಝ್ ರಚನೆಕಾರ, ಪಿಯಾನೋ ವಾದಕ ಡ್ಯೂಕ್ ಎಲಿಂಗ್ಟನ್ ಅವರ ತಂಡದ 'ಎಲಿಂಗ್ಟನ್ ಅಟ್ ನ್ಯೂಪೋರ್ಟ್'. ನ್ಯೂಪೋರ್ಟ್ ಅಂದರೆ ರೋಡ್ ಐಲ್ಯಾಂಡ್ ರಾಜ್ಯದ ಕಡಲ ದಂಡೆಯ ಊರು. ಅಲ್ಲಿ ಜಾರ್ಜ್ ವೀನ್ ಅನ್ನುವವರು 1954ರಿಂದ ಜಾಝ್ ಉತ್ಸವ ನಡೆಸುತ್ತಿದ್ದರು. 1956ರ ಜುಲೈ 7, ಶನಿವಾರ, ಉತ್ಸವದ ಕೊನೆಯ ರಾತ್ರಿ. ಎಲಿಂಗ್ಟನ್ ತಂಡ ಅವತ್ತು ವೇದಿಕೆ ಹತ್ತಿತ್ತು.

ಎಲಿಂಗ್ಟನ್‌ಗೆ ಆಗ 57 ವರ್ಷ. ದೊಡ್ಡ ಹೆಸರು. ಆದರೆ ಕಾಲ ಚೆನ್ನಾಗಿರಲಿಲ್ಲ. 1930ರ ದಶಕದಲ್ಲಿ ದೊಡ್ಡ ಬ್ಯಾಂಡ್‌ಗಳಿಗೆ ಇದ್ದ ರಾಜಯೋಗ ಮುಗಿದುಹೋಗಿತ್ತು. ಜನ ಕುಣಿಯಲು ಹೋಗುತ್ತಿದ್ದ ಹಾಲ್‌ಗಳು ಮುಚ್ಚುತ್ತಿದ್ದವು, ಹದಿನೈದು ಜನರ ಸಂಬಳ, ಊಟ, ಪ್ರಯಾಣ ನೋಡಿಕೊಂಡು ತಂಡ ನಡೆಸುವುದು ಯಾರಿಗೂ ಗಿಟ್ಟುತ್ತಿರಲಿಲ್ಲ. ಇನ್ನೊಂದು ಹೆಸರಾಂತ ಬ್ಯಾಂಡಿನ ಯಜಮಾನ ಕೌಂಟ್ ಬೇಸಿಯಂಥವರೇ 1950ರಲ್ಲಿ ತಂಡ ಒಡೆದು ಕೆಲಕಾಲ ಏಳೆಂಟು ಜನಕ್ಕೆ ಇಳಿದಿದ್ದರು. ಎಲಿಂಗ್ಟನ್ ಮಾತ್ರ ಬಿಡಲಿಲ್ಲ. ತಮ್ಮ ಹಳೇ ಹಾಡುಗಳಿಂದ ಬರುತ್ತಿದ್ದ ರಾಯಲ್ಟಿ ದುಡ್ಡನ್ನು ತಂದು ತಂಡಕ್ಕೆ ಸುರಿಯುತ್ತಿದ್ದರು. ಹಿಂದಿನ ವರ್ಷ, 1955ರ ಬೇಸಿಗೆಯಲ್ಲಿ, ಈ ತಂಡ ನ್ಯೂಯಾರ್ಕಿನಲ್ಲಿ ನೀರಾಟದ ಪ್ರದರ್ಶನವೊಂದರಲ್ಲಿ ಹಿನ್ನೆಲೆ ನುಡಿಸಿ ದಿನ ಕಳೆದಿತ್ತು.

ಇದನ್ನು ಓದಿದಾಗಲೆಲ್ಲ ನನಗೆ ಕಾಕಾನ ಬ್ಯಾಂಡ್ ಸೆಟ್ ನೆನಪಾಗುತ್ತದೆ. ಹದಿನಾರು ಜನ ಇದ್ದವರು ಹನ್ನೆರಡಾದರು, ಎಂಟಾದರು, ಡಿಜೆ ಗಾಡಿ ಬಂದ ಮೇಲೆ ನಾಲ್ಕಾದರು. ನಾಲ್ಕು ಜನರ ಬ್ಯಾಂಡ್ ಸೆಟ್ ಅಂದರೆ ಅದು ಬ್ಯಾಂಡ್ ಸೆಟ್ ಅಲ್ಲವೇ ಅಲ್ಲ. ಹದಿನಾರು ಜನ ಒಟ್ಟಿಗೆ ಊದಿದಾಗ ಹೊಟ್ಟೆಯೊಳಗೆ ಏನೋ ಅಲುಗುತ್ತದೆ ನೋಡಿ, ಅದು ದೊಡ್ಡ ಸ್ಪೀಕರ್ ಅಲುಗಿಸುವ ಥರದ್ದಲ್ಲ. ಜನರ ಉಸಿರು ಅದು.

ಈಗ ಎಲಿಂಗ್ಟನ್ ತಂಡದ ಲೆಕ್ಕ ಕೇಳಿ. ಟ್ರಂಪೆಟ್ ನಾಲ್ಕು, ಟ್ರೊಂಬೋನ್ ಮೂರು, ಸ್ಯಾಕ್ಸೋಫೋನ್ ಮತ್ತು ಕ್ಲಾರಿನೆಟ್‌ನವರು ಐದು ಜನ, ಬೇಸ್ ಅನ್ನುವ ದಪ್ಪ ದನಿಯ ದೊಡ್ಡ ತಂತಿವಾದ್ಯಕ್ಕೆ ಜಿಮ್ಮಿ ವುಡ್, ಡ್ರಮ್ಸ್ ಸ್ಯಾಮ್ ವುಡ್‌ಯಾರ್ಡ್, ಪಿಯಾನೋ ಎಲಿಂಗ್ಟನ್. ಹ್ಯಾರಿ ಕಾರ್ನಿ ಅನ್ನುವವರು ದಪ್ಪ ದನಿಯ ಬ್ಯಾರಿಟೋನ್ ಸ್ಯಾಕ್ಸೋಫೋನ್ ನುಡಿಸುತ್ತಿದ್ದರು. ಅವರು 1927ರಲ್ಲಿ ತಂಡ ಸೇರಿದವರು, 1974ರಲ್ಲಿ ಎಲಿಂಗ್ಟನ್ ತೀರಿಕೊಳ್ಳುವವರೆಗೂ ಬಿಟ್ಟು ಹೋಗಲಿಲ್ಲ. 47 ವರ್ಷ! ಜಾನಿ ಹಾಜಸ್ ಅನ್ನುವ ಇನ್ನೊಬ್ಬರು 1951ರಲ್ಲಿ ಬಿಟ್ಟು ಹೋಗಿ 1955ರಲ್ಲಿ ತಿರುಗಿ ಬಂದರು. ಎಲಿಂಗ್ಟನ್ ಬರೆಯುವಾಗ ವಾದ್ಯಕ್ಕೆ ಬರೆಯುತ್ತಿರಲಿಲ್ಲ, ಈ ಮನುಷ್ಯರಿಗೆ ಬರೆಯುತ್ತಿದ್ದರು. ಯಾರ ಉಸಿರು ಎಲ್ಲಿವರೆಗೆ ಹೋಗುತ್ತದೆ, ಯಾರ ದನಿ ಎಲ್ಲಿ ಒಡೆದು ಚಂದ ಕಾಣುತ್ತದೆ ಅಂತ ಅವರಿಗೆ ಗೊತ್ತಿತ್ತು. ನಮ್ಮ ದೊಡ್ಡಾಟದ ಮಾಸ್ತರರು ಊರಿನ ಹುಡುಗರನ್ನು ನೋಡಿ ಪಾತ್ರ ಹಂಚುತ್ತಾರಲ್ಲ, ಹಾಗೆ.

ಆ ರಾತ್ರಿ ಮೊದಲಿಗೆ ಎಲ್ಲ ಕೆಟ್ಟಿತ್ತು. ಸಂಜೆ ತಂಡ ವೇದಿಕೆಗೆ ಬಂದಾಗ ನಾಲ್ಕು ಜನ ವಾದಕರೇ ಬಂದಿರಲಿಲ್ಲ. ಎರಡು ಮೂರು ನುಡಿಸಿ ಕೆಳಗೆ ಇಳಿದರು. ಮತ್ತೆ ಕರೆ ಬಂದಿದ್ದು ರಾತ್ರಿ ಮುಕ್ಕಾಲು ಹನ್ನೆರಡರ ಸುಮಾರಿಗೆ. ಅಷ್ಟು ಹೊತ್ತಿಗೆ ಜನ ಎದ್ದು ಹೋಗಲು ಶುರು ಮಾಡಿದ್ದರು. ನಮ್ಮ ಕಡೆ ಬೆಳಗಿನ ಜಾವ ನಾಲ್ಕಕ್ಕೆ ಬಯಲಾಟದ ಕೊನೇ ಪಾತ್ರ ಮಾಡುವವನ ಪರಿಸ್ಥಿತಿ, ಅಲ್ವಾ? ಮುಂದೆ ಕೂತವರು ಕಂಬಳಿ ಮಡಚುತ್ತಿರುತ್ತಾರೆ, ಹುಡುಗರು ಮಲಗಿರುತ್ತಾರೆ. ಆಗಲೇ ಹಿಡಿದು ನಿಲ್ಲಿಸಬೇಕು.

ಎಲಿಂಗ್ಟನ್ ಮತ್ತು ಅವರ ಜೊತೆಗಾರ ಬಿಲ್ಲಿ ಸ್ಟ್ರೇಹಾರ್ನ್ ಈ ಉತ್ಸವಕ್ಕೆಂದೇ ಮೂರು ಭಾಗದ ಹೊಸ ರಚನೆ ಮಾಡಿದ್ದರು. ಅದನ್ನು ನುಡಿಸಿದರು. ಜನ ಮರ್ಯಾದೆಯಿಂದ ಚಪ್ಪಾಳೆ ತಟ್ಟಿದರು, ಅಷ್ಟೇ. ನನ್ನ ಮಟ್ಟಿಗೆ ಹೇಳುವುದಾದರೆ ಆ ರಚನೆ ಇವತ್ತಿಗೂ ನನ್ನನ್ನು ಹಿಡಿಯುವುದಿಲ್ಲ. ಚೆನ್ನಾಗಿದೆ, ಆದರೆ ಇನ್ನೂ ಮೈಗೂಡಿಲ್ಲ, ಕೈ ತಿರುಗಿಲ್ಲ ಅನಿಸುತ್ತದೆ.

ಆಮೇಲೆ ಎಲಿಂಗ್ಟನ್ ಒಂದು ಹಳೇ ರಚನೆ ಎತ್ತಿಕೊಂಡರು. 1937ರದ್ದು. 'ಡಿಮಿನುಯೆಂಡೊ ಆಂಡ್ ಕ್ರೆಸೆಂಡೊ ಇನ್ ಬ್ಲೂ'. ಹೆಸರೇ ಹೇಳುವಂತೆ ಮೊದಲ ಭಾಗ ಇಳಿಯುತ್ತಾ ಹೋಗುತ್ತದೆ, ಎರಡನೇ ಭಾಗ ಏರುತ್ತಾ ಹೋಗುತ್ತದೆ. ಆ ಕಾಲದಲ್ಲಿ ಒಂದೇ ಗ್ರಾಮಫೋನ್ ತಟ್ಟೆಯ ಎರಡು ಮಗ್ಗುಲಲ್ಲಿ ಅವು ಬಂದಿದ್ದವು. ನಡುವಿನ ಸೇತುವೆಯಾಗಿ ಈಗ ಒಬ್ಬ ಸ್ಯಾಕ್ಸೋಫೋನ್ ವಾದಕ ಒಬ್ಬನೇ ನುಡಿಸಬೇಕು. ಆತ ಪಾಲ್ ಗೊನ್ಸಾಲ್ವೆಸ್. ಹೆತ್ತವರು ಕೇಪ್ ವರ್ಡೆ ದ್ವೀಪದ ಕಡೆಯವರು. ಆಗ ಅವನಿಗೆ ಇನ್ನೂ 36 ತುಂಬಬೇಕಿತ್ತು. ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಊದು ಅಂತ ಅವನಿಗೆ ಬಿಟ್ಟುಕೊಟ್ಟಿದ್ದರು.

ಅವನು 27 ಸುತ್ತು ಊದಿದ.

ಸುತ್ತು ಅಂದರೆ ಏನು ಅಂತ ಸ್ವಲ್ಪ ಹೇಳುತ್ತೇನೆ, ಯಾಕೆಂದರೆ ಅದು ಗೊತ್ತಾದರೆ ಕೇಳುವ ಖುಷಿಯೇ ಬೇರೆ. ಬ್ಲೂಸ್ ಅನ್ನುವುದು 12 ಅಂಕಣಗಳ ಒಂದು ಆವರ್ತನ. ಒಂದೊಂದು ಅಂಕಣಕ್ಕೆ ನಾಲ್ಕು ಎಣಿಕೆ. 48 ಎಣಿಕೆಗೆ ಒಮ್ಮೆ ಮತ್ತೆ ಮೊದಲ ಜಾಗಕ್ಕೆ ಬರಬೇಕು. ನಮ್ಮವರು ತಾಳದಲ್ಲಿ ಸಮಕ್ಕೆ ಬಂದು ಬೀಳುತ್ತಾರಲ್ಲ, ಹೆಚ್ಚುಕಡಿಮೆ ಹಾಗೆ. ವ್ಯತ್ಯಾಸ ಏನೆಂದರೆ ಇಲ್ಲಿ ಕೆಳಗಿನ ಆಧಾರ ಸ್ವರವೂ ಗೊತ್ತಾದ ಜಾಗದಲ್ಲಿ ಬದಲಾಗುತ್ತಾ ಹೋಗುತ್ತದೆ. ನೆಲವೇ ಮೂರು ಮೆಟ್ಟಿಲು ಇದ್ದಂತೆ, ಹತ್ತಿ ಇಳಿದು ಮತ್ತೆ ಅಂಗಳಕ್ಕೆ. 27 ಸುತ್ತು ಅಂದರೆ 324 ಅಂಕಣ. ಜೋರು ನಡೆಯಲ್ಲಿ ಆರು ನಿಮಿಷದ ಮೇಲೆ. ಒಂದು ಸಲವೂ ಜಾಗ ತಪ್ಪುವುದಿಲ್ಲ.

ಆದರೆ ನಾನು ಹೇಳಬೇಕಿರುವುದು ಅವನ ಬಗ್ಗೆ ಅಲ್ಲ. ಅವನ ಹಿಂದೆ ಇದ್ದವರ ಬಗ್ಗೆ.

ಮೊದಲ ಏಳೆಂಟು ಸುತ್ತು ಅವನು ಅಂಥ ದೊಡ್ಡದೇನೂ ನುಡಿಸುವುದಿಲ್ಲ. ಗಮನವಿಟ್ಟು ಕೇಳಿ. ಸರಳ ಸ್ವರಗಳು, ಸ್ವಲ್ಪ ಗುನುಗಿದಂತೆ. ಕೆಳಗೆ ಬೇಸ್ ಮತ್ತು ಡ್ರಮ್ಸ್ ಮಾತ್ರ ಒಂದೇ ಸಮ ನಡೆಯುತ್ತಿವೆ. ಆಗಾಗ ಎಲಿಂಗ್ಟನ್ ಪಿಯಾನೋ ಮೇಲೆ ಒಂದು ಏಟು. ಆಮೇಲೆ ಯಾವುದೋ ಒಂದು ಹಂತದಲ್ಲಿ ಹಿಂದಿನ ಸದ್ದು ಬದಲಾಗುತ್ತದೆ. ಯಾರೋ ಕೂಗುತ್ತಾರೆ. ಇನ್ನೊಬ್ಬರು ಕೂಗುತ್ತಾರೆ. ತಂಡದವರೇ ಅವರವರ ಜಾಗದಲ್ಲಿ ಕೂತು ಹುರಿದುಂಬಿಸುತ್ತಿದ್ದಾರೆ. ವೇದಿಕೆಯ ಪಕ್ಕ ಕೂತಿದ್ದ ಜೋ ಜೋನ್ಸ್, ಬೇಸಿ ತಂಡದ ಹಳೇ ಡ್ರಮ್ ವಾದಕ, ಸುರುಳಿ ಸುತ್ತಿದ ನ್ಯೂಸ್‌ಪೇಪರಿನಿಂದ ವೇದಿಕೆಯ ಅಂಚಿಗೆ ತಾಳ ಹೊಡೆಯಲು ಶುರು ಮಾಡಿದ್ದರು ಅಂತ ಈ ರೆಕಾರ್ಡಿನ ಎಲ್‌ಪಿ, ಅಂದರೆ ದೊಡ್ಡ ಗ್ರಾಮಫೋನ್ ತಟ್ಟೆ, ಮಾಡಿದ ಜಾರ್ಜ್ ಅವಾಕಿಯನ್ ಬರೆದಿದ್ದಾರೆ. ಮುಂದಿನ ಸಾಲುಗಳಲ್ಲಿ ಕಪ್ಪು ಉಡುಪಿನ, ಹೊಂಬಣ್ಣದ ಕೂದಲಿನ ಹೆಂಗಸೊಬ್ಬಳು ಎದ್ದು ಕುಣಿಯತೊಡಗಿದಳು. ಅವಳನ್ನು ನೋಡಿ ಇನ್ನೊಬ್ಬರು, ಅವರನ್ನು ನೋಡಿ ಮತ್ತೊಬ್ಬರು. ಸುಮಾರು 7,000 ಜನ. ಮನೆಗೆ ಹೊರಟವರೆಲ್ಲ ತಿರುಗಿ ಓಡಿ ಬಂದರು. ಕುರ್ಚಿ ಮೇಲೆ ಹತ್ತಿ ನಿಂತರು.

ಇದೆಲ್ಲ ಟೇಪಿನಲ್ಲಿ ಕೇಳುತ್ತದೆ. ಸದ್ದು ಸುತ್ತಿನಿಂದ ಸುತ್ತಿಗೆ ಕಾಯುತ್ತಾ, ಹಾಲು ಉಕ್ಕಿದಂತೆ ಮೇಲೆ ಬರುತ್ತದೆ. ಗೊನ್ಸಾಲ್ವೆಸ್ ಅವರನ್ನು ಕುಣಿಸಿದನೋ, ಅವರು ಅವನನ್ನು ಊದಿಸಿದರೋ ಹೇಳಲು ಬರುವುದಿಲ್ಲ. ನನಗೆ ಅನಿಸುವುದು ಎರಡನೆಯದು. ಅವನೊಬ್ಬನನ್ನೇ ಸ್ಟುಡಿಯೋದಲ್ಲಿ ಕೂರಿಸಿದ್ದರೆ ಹತ್ತು ಸುತ್ತಿಗೆ ನಿಲ್ಲಿಸಿಬಿಡುತ್ತಿದ್ದ.

ಅವನು ಮುಗಿಸಿದ ಮೇಲೆ ತಂಡ ಪೂರ್ತಿ ತಿರುಗಿ ಬಂದು ಎರಡನೇ ಭಾಗ ಶುರು ಮಾಡುತ್ತದೆ. ಎಲ್ಲರೂ ಗೊನ್ಸಾಲ್ವೆಸ್ ಬಗ್ಗೆ ಹೇಳುತ್ತಾರೆ, ನನಗೆ ಮಾತ್ರ ಇದೇ ಜಾಗ ಹೆಚ್ಚು. ಆರು ನಿಮಿಷ ಬಾಯಿ ಬಿಗಿಹಿಡಿದು ಕಾದವರು ಒಟ್ಟಿಗೆ ಎದ್ದಿದ್ದಾರೆ. ಸ್ಯಾಕ್ಸೋಫೋನ್‌ಗಳು ಒಂದು ಹೇಳಿದರೆ ಟ್ರಂಪೆಟ್‌ಗಳು ಅದಕ್ಕೆ ಉತ್ತರ ಕೊಡುತ್ತವೆ, ಏರುತ್ತಾ ಏರುತ್ತಾ ಕೊನೆಗೆ ಕ್ಯಾಟ್ ಆಂಡರ್ಸನ್ ತನ್ನ ಟ್ರಂಪೆಟ್ ಅನ್ನು ಎಲ್ಲಿಗೋ ಒಯ್ದು ನಿಲ್ಲಿಸುತ್ತಾನೆ. ಮುಗಿದ ಮೇಲೆ ಜನರ ಕೂಗು ಹೇಗಿದೆ ಅಂದರೆ ವೀನ್ ಅವರಿಗೆ ಗಲಾಟೆಯಾದೀತು ಅನ್ನುವ ಭಯ. ಸಾಕು ನಿಲ್ಲಿಸಿ ಅಂತ ಸನ್ನೆ ಮಾಡಿದರು. ಎಲಿಂಗ್ಟನ್ ನಿಲ್ಲಿಸಲಿಲ್ಲ. ಹಾಜಸ್ ಅವರನ್ನು ಮುಂದೆ ಕರೆದು ನಿಧಾನದ ಒಂದು ಹಾಡು ನುಡಿಸಿ ಜನರನ್ನು ತಣಿಸಿದರು. ಕುದಿಯುವ ಅನ್ನಕ್ಕೆ ತಣ್ಣೀರು ಚಿಮುಕಿಸಿದಂತೆ. ಎಂಥ ತಿಳಿವಳಿಕೆ!

ಆಗಸ್ಟ್ 20ರ 'ಟೈಮ್' ಪತ್ರಿಕೆಯ ಮುಖಪುಟದಲ್ಲಿ ಎಲಿಂಗ್ಟನ್ ಚಿತ್ರ ಬಂತು. ಆಮೇಲೆ ಅವರು, ನಾನು ಹುಟ್ಟಿದ್ದೇ 1956ರಲ್ಲಿ ನ್ಯೂಪೋರ್ಟಿನಲ್ಲಿ ಅಂತ ಹೇಳುತ್ತಿದ್ದರು. ಎಲ್‌ಪಿ ಚೆನ್ನಾಗಿ ಮಾರಾಟವಾಯಿತು, ತಂಡ ಉಳಿಯಿತು.

ಈಗ ಮೈಕಿನ ವಿಷಯಕ್ಕೆ ಬರುತ್ತೇನೆ.

ವೇದಿಕೆ ಮೇಲೆ ಎರಡು ಥರದ ಮೈಕುಗಳಿದ್ದವು. ಎಲ್‌ಪಿ ಮಾಡಲು ಬಂದಿದ್ದ ಕೊಲಂಬಿಯಾ ಕಂಪನಿಯದ್ದು ಒಂದು. ರೇಡಿಯೋಗಾಗಿ ಬಂದಿದ್ದ ವಾಯ್ಸ್ ಆಫ್ ಅಮೆರಿಕದ್ದು ಇನ್ನೊಂದು. ಗೊನ್ಸಾಲ್ವೆಸ್ ಮುಂದೆ ಬಂದು ನಿಂತಿದ್ದು ರೇಡಿಯೋದವರ ಮೈಕಿನ ಮುಂದೆ. ಹಾಗಾಗಿ ಆ ದೊಡ್ಡ ಆರು ನಿಮಿಷ ಕೊಲಂಬಿಯಾದ ಟೇಪಿನಲ್ಲಿ ದೂರದಿಂದ, ಗೋಡೆಯಾಚೆಯಿಂದ ಬಂದಂತೆ ಕೂತಿತು. ಎಲ್‌ಪಿಯಲ್ಲಿ ಲಕ್ಷಾಂತರ ಜನ ಕೇಳಿದ್ದು ಅದನ್ನೇ. ಕಾಕಾ ಮಾಳಿಗೆ ಮೇಲೆ ಹಿಡಿದದ್ದೂ ಅದನ್ನೇ.

ಅದಿರಲಿ, ಇನ್ನೊಂದು ಸಂಗತಿ ಇದೆ, ಅದು ತಿಳಿದಾಗ ನನಗೆ ಬಹಳ ಸಂಕಟವಾಯಿತು. ಆ ಮೂರು ಭಾಗದ ಹೊಸ ರಚನೆ ವೇದಿಕೆಯಲ್ಲಿ ಅಂದುಕೊಂಡಂತೆ ಬಂದಿರಲಿಲ್ಲ, ಅಭ್ಯಾಸಕ್ಕೆ ಸಮಯ ಸಿಕ್ಕಿರಲಿಲ್ಲ. ಎಲಿಂಗ್ಟನ್‌ಗೆ ಸಮಾಧಾನ ಇರಲಿಲ್ಲ. ಹಾಗಾಗಿ ಜುಲೈ 9, ಸೋಮವಾರ, ನ್ಯೂಯಾರ್ಕಿನ ಸ್ಟುಡಿಯೋದಲ್ಲಿ ಅದನ್ನು ಮತ್ತೆ ನುಡಿಸಿದರು. ಅದರ ಮೇಲೆ ಜನರ ಚಪ್ಪಾಳೆ, ಸದ್ದು ಸೇರಿಸಿದರು. ಎಲ್‌ಪಿಯ ಬಹಳಷ್ಟು ಭಾಗ ಬಯಲಿನದ್ದಲ್ಲ, ಸ್ಟುಡಿಯೋದ್ದು. ನಾನು ಹಾಸ್ಟೆಲಿನಲ್ಲಿ ಕಣ್ಣು ಮುಚ್ಚಿಕೊಂಡು, ಆ ಬಯಲು, ಆ ಕಡಲ ಗಾಳಿ ಅಂತೆಲ್ಲ ಊಹಿಸಿಕೊಂಡು ಕೇಳಿದ ಎಷ್ಟೋ ಚಪ್ಪಾಳೆ ಆ ಸಂಗೀತಕ್ಕೆ ಬಿದ್ದದ್ದೇ ಅಲ್ಲ.

ಎಲಿಂಗ್ಟನ್ ಮೇಲೆ ನನಗೆ ಸಿಟ್ಟಿಲ್ಲ. ತನ್ನ ಕೆಲಸ ಚೆನ್ನಾಗಿ ಕಾಣಬೇಕು ಅಂತ ಯಾರಿಗೆ ಅನಿಸುವುದಿಲ್ಲ? ಆದರೆ ಬಯಲಿನಲ್ಲಿ ಕೂತಿದ್ದ ಆ ಜನರಿಗೆ ಅನ್ಯಾಯವಾಯಿತು. ಅವರು ಕೊಟ್ಟ ಚಪ್ಪಾಳೆಯನ್ನು ತೆಗೆದು ಬೇರೆ ಚಪ್ಪಾಳೆ ಹಾಕುವುದು ಅಂದರೇನು? ಅವರೂ ಆ ರಾತ್ರಿಯ ವಾದಕರೇ.

ಇದು ನನಗೆ ಇಷ್ಟೊಂದು ತಟ್ಟಲು ನಮ್ಮ ಮನೆಯದೇ ಕಾರಣ ಇದೆ.

1994ರಲ್ಲಿ ನಮ್ಮ ಅಕ್ಕನ ಮದುವೆ. ಮೆರವಣಿಗೆ ಭಾಗ್ಯನಗರದಿಂದ ಹೊರಟಿತ್ತು. ತಲೆ ಮೇಲೆ ಟ್ಯೂಬ್‌ಲೈಟ್ ಹೊತ್ತವರು ಎರಡು ಸಾಲು, ಹಿಂದೆ ತಳ್ಳುಗಾಡಿಯಲ್ಲಿ ಜನರೇಟರ್, ಮುಂದೆ ಕಾಕಾನ ಬ್ಯಾಂಡ್ ಸೆಟ್, ಆಗಿನ್ನೂ ಹದಿನಾರು ಜನ. ಮನೆ ಮಗಳ ಮದುವೆ ಅಂತ ಕಾಕಾ ಅವತ್ತು ಏನೋ ಬೇರೆಯೇ ಆಗಿದ್ದರು. ಒಂದು ತಿರುವಿನಲ್ಲಿ ಮೆರವಣಿಗೆ ನಿಂತಿತು. ಕಾಕಾ ಒಂದು ಹಳೇ ಪದದ ಧಾಟಿ ಎತ್ತಿಕೊಂಡು ಬಿಡಲೇ ಇಲ್ಲ, ಸುತ್ತಿ ಸುತ್ತಿ ಅದೇ ಜಾಗಕ್ಕೆ ಬರುತ್ತಿದ್ದರು, ಪ್ರತಿ ಸಲ ಒಂದೊಂದು ಹೊಸ ತಿರುವು ತೆಗೆಯುತ್ತಿದ್ದರು. ತಾಷಾದವರು ಬಿಡಲಿಲ್ಲ. ದೊಡ್ಡ ಡ್ರಮ್‌ನವರು ಬಿಡಲಿಲ್ಲ. ಆಗ ನಮ್ಮ ದೊಡ್ಡತ್ತೆ, ಅರವತ್ತು ದಾಟಿದವರು, ಜೋರಾಗಿ ಮಾತೂ ಆಡದವರು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬ್ಯಾಂಡಿನ ಮುಂದೆ ಬಂದು ಕುಣಿದರು. ಒಂದು ಕ್ಷಣ ಎಲ್ಲರೂ ಬೆರಗಾಗಿ ನಿಂತು, ಆಮೇಲೆ ಬೀಗರ ಕಡೆಯ ಹೆಂಗಸರೂ ಸೇರಿಕೊಂಡರು. ಬಾಯಲ್ಲಿ ಹತ್ತರ ನೋಟು ಕಚ್ಚಿಕೊಂಡ ಹುಡುಗರು ಸೇರಿಕೊಂಡರು. ನನಗೆ ಆಗ ಹನ್ನೊಂದು ವರ್ಷ. ಇವತ್ತಿಗೂ ನಮ್ಮ ಮನೆಯಲ್ಲಿ ಕಾಲ ಹೇಳುವುದು ಹಾಗೆಯೇ. ಅತ್ತಿ ಕುಣಿದ ವರ್ಷ.

ಆ ಮದುವೆಯ ವಿಡಿಯೋ ಕ್ಯಾಸೆಟ್ ಮನೆಯಲ್ಲಿದೆ. ಮೆರವಣಿಗೆ ಪೂರ್ತಿ ಇದೆ. ಕಾಕಾ ಊದುವುದು ಕಾಣುತ್ತದೆ, ಅತ್ತೆ ಕುಣಿಯುವುದು ಕಾಣುತ್ತದೆ. ಕೇಳುವುದು ಮಾತ್ರ ಆ ವರ್ಷದ ಯಾವುದೋ ಸಿನಿಮಾ ಹಾಡು. ವಿಡಿಯೋ ಮಾಡಿದವರು ಸದ್ದು ತೆಗೆದು ಮೇಲೆ ಹಾಡು ತುಂಬಿದ್ದರು. ಆಗ ಎಲ್ಲ ಮದುವೆ ವಿಡಿಯೋಗಳಲ್ಲೂ ಹಾಗೇ ಮಾಡುತ್ತಿದ್ದರು, ಅದೇ ಚಂದ ಅಂತ ನಾವೂ ತಿಳಿದಿದ್ದೆವು. ಹದಿನಾರು ಜನ ಕೆನ್ನೆ ಉಬ್ಬಿಸಿ ಊದುತ್ತಿದ್ದಾರೆ, ಒಬ್ಬರದೂ ದನಿ ಇಲ್ಲ. ಹಾಡಿನ ಲಯವೇ ಬೇರೆ, ಅತ್ತೆಯ ಹೆಜ್ಜೆಯೇ ಬೇರೆ. ಕಾಕಾ ಆ ವಿಡಿಯೋವನ್ನು ಒಂದೇ ಸಲ ನೋಡಿದ್ದು.

ನ್ಯೂಪೋರ್ಟಿನ ಕಥೆ 1956ಕ್ಕೆ ಮುಗಿಯಲಿಲ್ಲ ಅನ್ನುವುದೇ ಒಂದು ಭಾಗ್ಯ. ವಾಯ್ಸ್ ಆಫ್ ಅಮೆರಿಕದ ಟೇಪುಗಳು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಉಳಿದಿದ್ದವು. 1996ರಲ್ಲಿ ಅವು ಸಿಕ್ಕವು. ನಲವತ್ತು ವರ್ಷ! ಅದರಲ್ಲಿ ಗೊನ್ಸಾಲ್ವೆಸ್ ಎದುರಿಗೇ ನಿಂತು ಊದುತ್ತಿದ್ದಾನೆ. ಫಿಲ್ ಶಾಪ್ ಅನ್ನುವ ಜಾಝ್ ಹುಚ್ಚಿನ ಮನುಷ್ಯ ಆ ಟೇಪನ್ನೂ ಕೊಲಂಬಿಯಾದ ಟೇಪನ್ನೂ ಪಕ್ಕಪಕ್ಕ ಇಟ್ಟು ಹೊಂದಿಸಿದರು. ಎರಡೂ ಮೊನೋ, ಅಂದರೆ ಎರಡೂ ಕಿವಿಗೆ ಒಂದೇ ಸದ್ದು, ಎರಡೂ ಒಂದೇ ವೇದಿಕೆಯನ್ನು ಬೇರೆ ಬೇರೆ ಜಾಗದಿಂದ ಕೇಳಿದ್ದು. ಒಂದನ್ನು ಒಂದು ಕಿವಿಗೆ, ಇನ್ನೊಂದನ್ನು ಇನ್ನೊಂದು ಕಿವಿಗೆ ಕೊಟ್ಟರೆ ವೇದಿಕೆ ಎದ್ದು ನಿಂತಂತೆ ಕಾಣುತ್ತದೆ. ಆ ರಾತ್ರಿ ಯಾರೂ ಸ್ಟೀರಿಯೋ ಮಾಡಿರಲಿಲ್ಲ, ಆದರೂ ಸ್ಟೀರಿಯೋ ಆಯಿತು. 1999ರಲ್ಲಿ ಅದು ಎರಡು ಸೀಡಿಗಳಾಗಿ ಬಂತು. ವೇದಿಕೆಯ ಮೇಲೆ ನಡೆದದ್ದು, ತಪ್ಪಿದ್ದು, ಎಲಿಂಗ್ಟನ್ ಆಡಿದ ಮಾತು, ಎಲ್ಲ ಇದೆ.

ಕೇಳುವುದಿದ್ದರೆ 1999ರದ್ದನ್ನೇ ಕೇಳಿ. ಮೊದಲ ಸಲ ಸುಮ್ನೆ ಕೇಳಿ, ಸುತ್ತು ಎಣಿಸಬೇಡಿ. ಎರಡನೇ ಸಲ ಬೇಸ್ ಒಂದನ್ನೇ ಹಿಡಿದುಕೊಂಡು ಹೋಗಿ. ಮೂರನೇ ಸಲ ಜನರನ್ನು ಕೇಳಿ. ನನಗೆ ಮೂರನೇ ಸಲಕ್ಕೆ ಅಳು ಬಂತು.

ಸ್ಯಾಕ್ಸೋಫೋನ್ ಅಂದರೆ ನಮಗೆ ಕದ್ರಿ ಗೋಪಾಲನಾಥರು. ಅವರು ಮೈಸೂರು ಅರಮನೆ ಬ್ಯಾಂಡಿನಲ್ಲಿ ಅದನ್ನು ಕೇಳಿ ಮರುಳಾದವರು. ಅಲ್ಲೂ ಬ್ಯಾಂಡೇ ನೋಡಿ. ಇನ್ನು ಎಲಿಂಗ್ಟನ್ ತಂಡ 1963ರಲ್ಲಿ ಭಾರತಕ್ಕೂ ಬಂದಿತ್ತು. ದೆಹಲಿಯ ಒಂದು ಮೈನಾ ಹಕ್ಕಿಯ ಕೂಗನ್ನು ಸ್ಟ್ರೇಹಾರ್ನ್ ರಚನೆಯಾಗಿ ಮಾಡಿದ್ದಾರೆ, ಜಿಮ್ಮಿ ಹ್ಯಾಮಿಲ್ಟನ್ ಅದನ್ನು ಕ್ಲಾರಿನೆಟ್‌ನಲ್ಲಿ ನುಡಿಸುತ್ತಾರೆ. ಕಾಕಾಗೆ ಅದನ್ನು ಕೇಳಿಸಿದೆ. "ಗೊರವಂಕ ಅಲ್ಲೇನೋ ಅದು" ಅಂದರು. ನಮ್ಮ ಕಡೆ ಮೈನಾಗೆ ಹಾಗೇ ಅನ್ನುವುದು.

ಅದೇ ರಾತ್ರಿ ಮಾಳಿಗೆ ಮೇಲೆ ಕಾಕಾಗೆ ಆ ಎರಡು ಟೇಪಿನ ಕಥೆ ಪೂರ್ತಿ ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ನಮ್ಮ ಅಳಿಯನೊಬ್ಬನ ಹೆಸರು ಹೇಳಿ, ಅವನು ಆಗ ಸೌದಿಯಿಂದ ಟೇಪ್ ರೆಕಾರ್ಡರ್ ತಂದಿದ್ದ, ಮದುವೆ ದಿನ ಹೆಗಲಿಗೆ ಹಾಕಿಕೊಂಡು ಅಡ್ಡಾಡುತ್ತಿದ್ದ ಅಂದರು.

ಮರುದಿನವೇ ಫೋನ್ ಮಾಡಿದೆ. ಗಂಗಾವತಿಗೆ ಎರಡು ಸಲ ಹೋದೆ. ಎರಡನೇ ಸಲ ಒಂದು ಟ್ರಂಕಿನಲ್ಲಿ, ಹಳೇ ಸ್ವೆಟರಿನ ಕೆಳಗೆ, ಭಜನೆ ಅಂತ ಬರೆದಿದ್ದ ಕ್ಯಾಸೆಟ್ ಸಿಕ್ಕಿತು. ಮುಂದಿನದೆಲ್ಲ ಭಜನೆಯೇ. ಯಾರೋ ಮೇಲೆ ತುಂಬಿಬಿಟ್ಟಿದ್ದಾರೆ. ಆದರೆ ಭಜನೆ ಮುಗಿದ ಮೇಲೆ ಒಂಬತ್ತು ನಿಮಿಷ ಉಳಿದಿತ್ತು. ಟಕ್ ಅಂತ ಒಂದು ಸದ್ದು, ಆಮೇಲೆ ಜನರೇಟರ್ ಗುರ್ ಅನ್ನುವುದು, ಆಮೇಲೆ ದೂರದಲ್ಲಿ ಬ್ಯಾಂಡ್.

ಲ್ಯಾಪ್‌ಟಾಪಿಗೆ ಇಳಿಸಿ ವಿಡಿಯೋ ಜೊತೆ ಹೊಂದಿಸಲು ಕೂತೆ. ಸಿನಿಮಾ ಹಾಡನ್ನು ತೆಗೆದುಹಾಕಿ ಅದರ ಕೆಳಗೆ ಈ ಸದ್ದು ಇಟ್ಟೆ. ಕೂಡಲಿಲ್ಲ. ದೊಡ್ಡ ಡ್ರಮ್‌ನವರ ಕೋಲು ಬೀಳುವುದನ್ನು ಗುರುತು ಮಾಡಿಕೊಂಡು ಅಲ್ಲಿಂದ ಶುರು ಮಾಡಿದರೂ ಅರ್ಧ ನಿಮಿಷಕ್ಕೆ ಸದ್ದು ಮುಂದೆ ಓಡುತ್ತಿತ್ತು. ಕಾಕಾ ಪಕ್ಕದಲ್ಲಿ ಕೂತು ಕೇಳಿ, "ಇದು ಏರೇತಿ. ನನ್ನ ಕ್ಲಾರಿನೆಟ್ ಸುರ ಇಷ್ಟು ಮ್ಯಾಲಿಲ್ಲ" ಅಂದರು. ಆಗ ಹೊಳೆಯಿತು. ರೆಕಾರ್ಡ್ ಮಾಡುವಾಗ ಸೆಲ್ ಇಳಿದಿರಬೇಕು. ಸೆಲ್ ಇಳಿದರೆ ಟೇಪ್ ನಿಧಾನ ಓಡುತ್ತದೆ, ಆಮೇಲೆ ಸರಿಯಾದ ವೇಗದಲ್ಲಿ ಹಾಕಿದಾಗ ಎಲ್ಲ ಬೇಗ, ಎಲ್ಲ ಮೇಲಿನ ಸುರ. ಕಾಕಾ ಒಳಗೆ ಹೋಗಿ ಕ್ಲಾರಿನೆಟ್ ತಂದು, ಆ ಪದದ ಮೊದಲ ಸ್ವರ ಊದಿ ಹಿಡಿದರು. ನಾನು ಟೇಪಿನ ವೇಗ ಇಳಿಸುತ್ತಾ ಬಂದೆ. ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಅಂತ ಕಣ್ಣಲ್ಲೇ ಹೇಳಿದರು. ಎರಡೂ ಸ್ವರ ಒಂದಾದ ಕೂಡಲೇ ಕೈ ಎತ್ತಿದರು.

ಈಗ ಅತ್ತೆಯ ಹೆಜ್ಜೆ ಡ್ರಮ್ ಮೇಲೆ ಬೀಳುತ್ತದೆ. ಪೂರ್ತಿ ಇಲ್ಲ, ನಾಲ್ಕು ನಿಮಿಷ ಹೊಂದುತ್ತದೆ, ಆಮೇಲೆ ವಿಡಿಯೋದಲ್ಲಿ ಕತ್ತರಿಸಿದ್ದಾರೆ. ಅಕ್ಕ ದಾವಣಗೆರೆಯಿಂದ ಬಂದಿದ್ದಾಗ ಎಲ್ಲರೂ ಕೂತು ನೋಡಿದೆವು. ಅತ್ತೆ ಈಗ ಇಲ್ಲ. ಅಕ್ಕ ಅವರನ್ನು ನೋಡುತ್ತಿದ್ದಳು, ನಾನು ಕಾಕಾನ ಬೆರಳು ನೋಡುತ್ತಿದ್ದೆ. ಕ್ಲಾರಿನೆಟ್ ಚೆನ್ನಾಗಿ ಕೇಳಲಿ ಅಂತ ನಾನು ಅದರ ಸದ್ದನ್ನು ಮೇಲೆ ತಂದಿದ್ದೆ.

ಕಾಕಾ ಒಮ್ಮೆ ನಿಲ್ಲಿಸು ಅಂದರು. ಮತ್ತೆ ಮೊದಲಿಂದ ಹಚ್ಚು ಅಂದರು. ಎಂಟು ವರ್ಷದ ಹಿಂದೆ ತೀರಿಕೊಂಡ ತಾಷಾದವರು ವಿಡಿಯೋದಲ್ಲಿ ಅವರ ಎಡಗಡೆ, ಅರ್ಧ ಮಾತ್ರ ಕಾಣುತ್ತಾರೆ, ಒಂದು ಭುಜ ಮತ್ತು ಎರಡು ಕಡ್ಡಿ.

"ನಂದು ಕಡಿಮಿ ಮಾಡು" ಅಂದರು ಕಾಕಾ. "ತಾಷಾ ಕೇಳ್ವಲ್ದು."